ಸೋರುವ ಮಡಿಕೆಗಳು ಬೇಕಾಗಿದ್ದವು

ಸಂಕ್ರಾಂತಿ ಕಳೆದ ಮೂರನೆಯ ದಿನ ನಮ್ಮ ಸಾಹೇಬರು ಒಂದು ಸುತ್ತೋಲೆ ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮ ಸಬ್ಜೆಕ್ಟು ಕಣಮ್ಮ" ಎಂದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತುರುವೇಕೆರೆ ಬ್ಲಾಕ್ ಆಫೀಸಿನಲ್ಲಿ ಗ್ರಾಮಸೇವಿಕೆ. ಮಹಿಳಾ ಮಂಡಳಿ, ಹೊಲಿಗೆ ತರಗತಿ, ಹೊಗೆಯಿಲ್ಲದ ಒಲೆ, ಇವೇ ನನ್ನ ಕೆಲಸ. ಸುತ್ತೋಲೆ ಓದಿದರೆ ಅದು ತೆಂಗಿನ ಸಸಿಗಳಿಗೆ ಮಿತವಾಗಿ ನೀರು ಕೊಡುವುದರ ಬಗ್ಗೆ ಇತ್ತು.

"ಸಾರ್, ಇದು ಕೃಷಿಯವರದ್ದಲ್ವಾ?"

"ಎರಡನೇ ಪ್ಯಾರಾ ಓದಿ. ಮಡಿಕೆ ಅಂತ ಇದೆ. ಮಡಿಕೆ ಕುಡಿಕೆ ಎಲ್ಲಾ ಹೆಣ್ಣುಮಕ್ಕಳ ವಿಷಯ. ಕೃಷಿಯವರಿಗೆ ಗೊಬ್ಬರದ ಕೆಲಸವೇ ಮುಗೀತಿಲ್ಲ."

ವಾದ ಮಾಡುವುದರಲ್ಲಿ ಅರ್ಥವಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಸುತ್ತೋಲೆಯ ಮೂಲೆಯಲ್ಲಿ ನನ್ನ ಹುದ್ದೆ ಬರೆದು ರುಜು ಹಾಕಿಯಾಗಿತ್ತು.

ಸುತ್ತೋಲೆಯ ಸಾರಾಂಶ ಇಷ್ಟು. ತೋಟದ ಇಂಜಿನ್‌ಗಳಿಂದಾಗಿ ಕುಡಿಯುವ ನೀರಿನ ಬಾವಿಗಳು ಬತ್ತುತ್ತಿರುವ ಊರುಗಳಲ್ಲಿ, ಬೇಸಿಗೆಯ ಎರಡು ತಿಂಗಳು ಇಂಜಿನ್ ನಿಲ್ಲಿಸಲು ಪಂಚಾಯ್ತಿಗಳು ಠರಾವು ಮಾಡಬೇಕು. ದೊಡ್ಡ ಮರಗಳು ಹೇಗೋ ತಡೆದುಕೊಳ್ಳುತ್ತವೆ. ಎಳೆಯ ಸಸಿಗಳಿಗೆ ಮಾತ್ರ ಪಕ್ಕದಲ್ಲಿ ಮಣ್ಣಿನ ಮಡಿಕೆ ಹೂತು, ಅದರಲ್ಲಿ ನೀರು ತುಂಬಿಡಬೇಕು. ಮಡಿಕೆಯ ಮೈಯಿಂದ ನೀರು ಒಸರುತ್ತದೆ, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಪಾತಿಗೆ ಹಾಯಿಸುವ ನೀರಿನಲ್ಲಿ ಒಂದು ಸಣ್ಣ ಪಾಲು ಸಾಕು. ಮೊದಲು ಒಂದು ತೋಟದಲ್ಲಿ ಮಾಡಿ ತೋರಿಸಬೇಕು. ಬಾವಿಯ ನೀರನ್ನು ಪರೀಕ್ಷೆಗೂ ಕಳಿಸಬೇಕು.

ನಮಗೆ ಗೊತ್ತುಮಾಡಿದ್ದು ದಂಡಿನಶಿವರದ ಕಡೆಯ ಒಂದು ಊರು. ಕುಡಿಯುವ ನೀರಿನ ಬಾವಿ ಕೆರೆ ಏರಿಯ ಕೆಳಗಿತ್ತು. ಅದರ ಆಸುಪಾಸಿನ ತೋಟಗಳಲ್ಲಿ ಐದು ಡೀಸೆಲ್ ಇಂಜಿನ್. ಬೆಳಿಗ್ಗೆ ಅವು ಗುಡುಗುಡು ಎಂದು ಶುರುವಾದರೆ ಸ್ವಲ್ಪ ಹೊತ್ತಿಗೇ ಕುಡಿಯುವ ಬಾವಿ ತಳ ಕಾಣುತ್ತಿತ್ತು. ಹೆಂಗಸರು ಹಗ್ಗ ಬಿಂದಿಗೆ ಹಿಡಿದು, ಸೆಲೆ ಊರುವುದನ್ನೇ ಬಗ್ಗಿ ಬಗ್ಗಿ ನೋಡುತ್ತ ಮಧ್ಯಾಹ್ನದವರೆಗೆ ಸಾಲು ನಿಲ್ಲುತ್ತಿದ್ದರು. ಮಹಿಳಾ ಮಂಡಳಿ ಸಭೆಗೆ ನಾನು ಹೋದಾಗಲೆಲ್ಲ ಅರ್ಧ ಜನ ಬರುತ್ತಿರಲಿಲ್ಲ. ಕೇಳಿದರೆ, "ಬಾವಿತಾವ ಅವ್ರೆ" ಎನ್ನುವ ಉತ್ತರ. ಆದ್ದರಿಂದ ಕೆಲಸ ನನ್ನದಲ್ಲ ಎಂದು ಗೊಣಗಿಕೊಂಡರೂ, ಆಗಲಿ ಎಂಬ ಆಸೆ ನನಗೂ ಇತ್ತು.

ಐದರಲ್ಲಿ ಎಲ್ಲಕ್ಕಿಂತ ದೊಡ್ಡ ಇಂಜಿನ್ ಪಂಚಾಯ್ತಿ ಛೇರ್ಮನ್ನರದೇ. ಅವರು ಒರಟರಲ್ಲ. ಎಳನೀರು ಕೊಡಿಸಿ, ಕೂರಿಸಿ ಮಾತಾಡಿದರು.

"ನೋಡಿ ಮೇಡಮ್ಮೋರೆ, ಹ್ವಾದ ವರ್ಸ ಸಸಿ ಇಟ್ಟಿವ್ನಿ. ಇಂಜಿನ್ ನಿಲ್ಸು ಅಂದ್ರೆ ಅವು ಒಣಗೋಯ್ತವೆ. ನಿಮ್ ಮಡಿಕೆ ಸಸಿ ಉಳಿಸ್ತವೆ ಅಂತ ನನ್ ತ್ವಾಟದಾಗೇ ತೋರ್ಸಿ. ಠರಾವಿಗೆ ನಾನೇ ಮೊದ್ಲು ರುಜು ಹಾಕ್ತೀನಿ."

ಇಪ್ಪತ್ತು ಸಸಿ ಆರಿಸಿಕೊಂಡೆವು. ಹತ್ತಕ್ಕೆ ಅವರ ಇಂಜಿನ್ ನೀರು, ಹತ್ತಕ್ಕೆ ನನ್ನ ಮಡಿಕೆ. ಅವರ ಬಾವಿಯ ನೀರನ್ನು ಒಂದು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ತುಮಕೂರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಉತ್ತರ ಬೇಗ ಬಂದೀತು ಎಂದು ನಂಬುವಷ್ಟು ಹೊಸಬಳಾಗಿದ್ದೆ.

ಅದೇ ಊರಲ್ಲಿ ಕುಂಬಾರ ತಾತ ಇದ್ದ. ಸುತ್ತಲ ಹಳ್ಳಿಗಳಲ್ಲಿ ಮದುವೆ ಎಂದರೆ ಅವನ ಮಡಿಕೆಯೇ ಆಗಬೇಕು. ಇಪ್ಪತ್ನಾಲ್ಕು ಮಡಿಕೆ ಬೇಕೆಂದೆ. ಯಾತಕ್ಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಲ್ಲಿಯೇ ನಾನು ತಪ್ಪಿದ್ದು. ಹೇಳಿದ ದಿನಕ್ಕೆ ಮಡಿಕೆಗಳು ಗಾಡಿಯಲ್ಲಿ ತೋಟಕ್ಕೆ ಬಂದವು. ಕೆಂಪಗೆ ನುಣ್ಣಗೆ ಮಿರಮಿರ ಮಿಂಚುತ್ತಿದ್ದವು. ತಾತ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಗಂಟೆಯಂತೆ ನಾದ ಬರಿಸಿ ಇಳಿಸಿದ.

ಸಸಿಯಿಂದ ಎರಡಡಿ ದೂರದಲ್ಲಿ, ಸಸಿಗೆ ಎರಡರಂತೆ ಕತ್ತಿನವರೆಗೆ ಹೂತೆವು. ನೀರು ತುಂಬಿ ಮುಚ್ಚಳ ಹಾಕಿದೆವು. ಒಂದು ಬಿದಿರು ಕಡ್ಡಿಗೆ ಬೆರಳಗಲದ ಗೆರೆ ಕೊರೆದು ಅಳತೆಕೋಲು ಮಾಡಿಕೊಂಡೆ. ಮರುದಿನ ಅಳೆದೆ. ನೀರು ಎಷ್ಟಿತ್ತೋ ಅಷ್ಟೇ ಇತ್ತು. ಮೂರನೆಯ ದಿನ ಅಳೆದೆ. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಒಂದು ವಾರ ಬಿಟ್ಟು ಹೋದಾಗ ನಾಲ್ಕು ಮಡಿಕೆಯ ನೀರು ಚೆನ್ನಾಗಿ ಇಳಿದಿತ್ತು. ಸಂತೋಷದಿಂದ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಳೊಬ್ಬ ಬಂದು, ಮುಚ್ಚಳ ತೆಗೆದು, ಚೊಂಬು ಅದ್ದಿ ಗಟಗಟ ಕುಡಿದು ಹೋದ.

ಹಿಂದೆ ನಿಂತಿದ್ದ ಛೇರ್ಮನ್ನರು ಗಂಭೀರವಾಗಿಯೇ ಹೇಳಿದರು. "ಒಳ್ಳೆ ಸ್ಕೀಮು ಮೇಡಮ್ಮೋರೆ. ಬಿಸ್ಲಾಗೆ ಗೇಯೋ ಆಳುಗಳ್ಗೆ ತಣ್ಣಗೆ ನೀರು. ಸಸಿಗೇನಾದ್ರೂ ಐತಾ?"

ಸಸಿಗಳು ಗರಿ ಜೋತುಹಾಕಿದ್ದವು. ಬುಡದ ಮಣ್ಣು ಬೂದಿಯಂತಾಗಿತ್ತು. ಅವರ ಇಂಜಿನ್ನಿನದೇ ನೀರನ್ನು ಬಿಂದಿಗೆಯಲ್ಲಿ ತಂದು ಹುಯ್ದು, ಅಲ್ಲಿಂದ ನೆಟ್ಟಗೆ ಕುಂಬಾರರ ಮನೆಗೆ ಹೋದೆ.

ತಾತ ತಿಗರಿಯ ಮುಂದೆ ಕೂತಿದ್ದ. ಅವನ ಹೆಂಡತಿ ಅಜ್ಜಿ ಮಣ್ಣು ತುಳಿಯುತ್ತಿದ್ದಳು.

"ತಾತಾ, ಮಡಿಕೆದೊಂದು ತಕರಾರು."

ಅವನ ಮುಖ ಕಪ್ಪಿಟ್ಟಿತು. "ಸೋರ್ತವಾ?"

"ಇಲ್ಲ ತಾತ. ಸೋರ್ತಾ ಇಲ್ಲ."

"ಒಂದೂ ಸೋರ್ತಿಲ್ವಾ?"

"ಒಂದೂ ಸೋರ್ತಿಲ್ಲ."

"ಮತ್ತೆ ಯಾತುರ್ದವ್ವಾ ತಕರಾರು?"

"ಅದೇ ತಕರಾರು."

ಅವನು ತಿಗರಿ ನಿಲ್ಲಿಸಿ, ನನಗೆ ಬಿಸಿಲು ತಗುಲಿದೆಯೇನೋ ಎನ್ನುವಂತೆ ನೋಡಿದ. ಅಜ್ಜಿ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಎಲ್ಲವನ್ನೂ ಮೊದಲಿಂದ ಹೇಳಿದೆ. ತಾತ ಕೊನೆಯವರೆಗೂ ಕೇಳಿ, "ಸರ್ಕಾರದ್ ಕೆಲ್ಸ ಅಂತ ಎಲ್ಡು ಸಲ ಕೆಮ್ಮಣ್ಣು ಬಳ್ದು, ಕಲ್ಲಾಗೆ ಉಜ್ಜಿ ಸುಟ್ಟಿವ್ನಿ ಕಣವ್ವಾ. ಸೋರಾದಾದ್ರೂ ಎಲ್ಲಿಂದ" ಎಂದ. ದನಿಯಲ್ಲಿ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು.

"ಹಾಗಾದ್ರೆ ಸೋರೋ ಮಡಿಕೆ ಮಾಡಿಕೊಡು ತಾತ."

"ಆಗಕಿಲ್ಲ."

"ಯಾಕೆ?"

"ನಮ್ಮಪ್ಪ ಇದೇ ತಿಗರಿ ಮ್ಯಾಲೆ ಮಾಡ್ದ. ನಾನೂ ಮಾಡ್ದೆ. ನಮ್ ಮಡಿಕೆ ಸೋರ್ತು ಅಂತ ಒಬ್ರೂ ವಾಪಸ್ ತಂದಿಲ್ಲ. ಈಗ ಬೇಕೂ ಅಂತ್ಲೇ ಸೋರಂಗೆ ಮಾಡಿದ್ರೆ ಜನ ಏನಂದಾರು? ಮುದುಕನ್ ಕೈ ಬಿದ್ದೋಯ್ತು ಅಂತಾರೆ."

ಮೂರು ಸಲ ಹೋದೆ. ಮೂರು ಸಲವೂ ಮಜ್ಜಿಗೆ ಸಿಕ್ಕಿತು, ಮಡಿಕೆ ಸಿಗಲಿಲ್ಲ. ಆಫೀಸಿನಲ್ಲಿ ಸಾಹೇಬರು ಬೇರೆ ಕುಂಬಾರನನ್ನು ಹುಡುಕಿ ಎಂದರು. ಸ್ಟೋರ್‌ಕೀಪರು ಅದಕ್ಕೂ ಅಡ್ಡ ಬಂದರು. ಮಡಿಕೆ ಖರೀದಿಯ ನಮೂನೆಯಲ್ಲಿ 'ಒಡಕು, ಬಿರುಕು, ಸೋರಿಕೆ ಇರುವುದಿಲ್ಲ ಎಂದು ದೃಢೀಕರಿಸಿದೆ' ಎಂದು ಅಚ್ಚಾಗಿತ್ತು. "ಸೋರೋ ಮಾಲು ತಗೊಂಡೆ ಅಂತ ನಾನು ಸೈನ್ ಮಾಡಿದ್ರೆ ಆಡಿಟ್‌ನಲ್ಲಿ ನನ್ನ ಹೂತುಬಿಡ್ತಾರೆ" ಎಂದು ಅವರು ಕೈ ಮುಗಿದರು. ಮಧ್ಯಾಹ್ನವೆಲ್ಲ ಚರ್ಚೆಯಾಗಿ, ಕೊನೆಗೆ ಸಾಹೇಬರು 'ಹಿತಮಿತವಾದ ಒಸರುವಿಕೆ ಉಳ್ಳ, ಆದರೆ ಸೋರದ ಮಡಿಕೆ' ಎಂದು ಬರೆಸಿದರು. ಅಂಥ ಮಡಿಕೆ ಯಾವುದೆಂದು ನಾನು ಕೇಳಲಿಲ್ಲ. ಸ್ಟೋರ್‌ಕೀಪರು ಒಪ್ಪಿದರಲ್ಲ, ಅಷ್ಟೇ ಸಾಕಾಗಿತ್ತು.

ಬೇರೆ ಕುಂಬಾರನನ್ನು ಹುಡುಕಿಕೊಂಡು ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಲು ಒಂದು ಬೆಳಿಗ್ಗೆ ಹೊರಟೂ ಇದ್ದೆ. ಬಸ್ಸು ಬಂತು, ಹತ್ತಲಿಲ್ಲ. ಬೇರೆಯವನು ಮಾಡಿಕೊಡುತ್ತಾನೆ, ನಿಜ. ಆದರೆ ಎಷ್ಟು ಸೋರಬೇಕು ಎಂದು ಅವನು ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮಡಿಕೆ ಸೋರದಂತೆ ಮಾಡಬಲ್ಲವನಿಗೆ ಮಾತ್ರ ಅದು ಎಲ್ಲಿ, ಎಷ್ಟು ಸೋರುತ್ತದೆ ಎನ್ನುವುದು ಗೊತ್ತಿರುತ್ತದೆ. ಆದ್ದರಿಂದ ತಾತನನ್ನು ಮಡಿಕೆ ಕೇಳುವುದು ಬಿಟ್ಟು ಸಲಹೆ ಕೇಳೋಣ ಎಂದು ತೀರ್ಮಾನಿಸಿದೆ. ತಾತನ ಊರಿಗೆ ಹೋಗಿ, "ತೋಟಕ್ಕೆ ಬಂದು ನಿನ್ನ ಮಡಿಕೆ ಒಂದ್ಸಲ ನೋಡು ತಾತ, ಏನೂ ಮಾಡಿಕೊಡಬೇಡ" ಎಂದೆ.

ಬಂದ. ಅಜ್ಜಿಯೂ ಬಂದಳು. ತಾತ ಮಂಡಿಯೂರಿ, ಮಡಿಕೆಯ ಪಕ್ಕಕ್ಕೆ ಕೈ ತೂರಿಸಿ ಮಣ್ಣು ಮುಟ್ಟಿ ನೋಡಿದ. ಒಣಮಣ್ಣು ಬೆರಳ ಸಂದಿಯಿಂದ ಉದುರಿತು. ಸಸಿಯ ಗರಿ ಎತ್ತಿ ಹಿಡಿದ, ಬಿಟ್ಟ, ಮತ್ತೆ ಜೋತುಬಿತ್ತು. ಅಷ್ಟರಲ್ಲಿ ಬೇಲಿಯಾಚೆ ಇಂಜಿನ್ ಶುರುವಾಯಿತು. ಅಜ್ಜಿಗೆ ಸಿಟ್ಟು ಬಂತು.

"ಕೇಳುಸ್ತಾ? ಇನ್ನು ನಾನು ಹೋಗಿ ಬಾವಿತಾವ ಹಗ್ಗ ಹಿಡ್ಕಂಡು ನಿಂತ್ಕಬೇಕು. ನೀನು ಮಣ್ಣಿಗೆ ನೀರು ತತ್ತಾ ಅಂತಿ, ಕುಡಿಯಾಕೆ ತತ್ತಾ ಅಂತಿ. ನಿನ್ ಹೆಸ್ರು ವಸಿ ಸೋರಿದ್ರೆ ಏನೂ ಆಗಕಿಲ್ಲ. ಮಾಡ್ಕೊಡು!"

ತಾತ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. "ಮಾಡ್ತೀನಿ. ಆದ್ರೆ ಅದು ಮಡಿಕೆ ಥರ ಇರಬಾರ್ದು. ಯಾರ್ ನೋಡಿದ್ರೂ ಇದು ಅಡಿಗೆ ಮನೇದಲ್ಲ ಅಂತ ತಿಳೀಬೇಕು."

ಹಾಗೆ ಅವನು ತಳ ಚೂಪಾದ ಮಡಿಕೆ ಮಾಡಿದ. ನೆಲದ ಮೇಲಿಟ್ಟರೆ ಉರುಳಿಬೀಳುತ್ತಿತ್ತು. ಗುಂಡಿಯಲ್ಲಿ ಹೂತರೆ ಮಾತ್ರ ನಿಲ್ಲುತ್ತಿತ್ತು. ಮೊದಲನೆಯ ಸಲ ಮಣ್ಣಿಗೆ ರಾಗಿ ಹೊಟ್ಟು ಕಲಸಿದ. ಮಡಿಕೆ ಸುಡುವ ಗೂಡಿನಲ್ಲಿ ಹೊಟ್ಟು ಉರಿದು ಸಣ್ಣ ಸಣ್ಣ ತೂತು ಉಳಿಯುತ್ತದೆ ಎನ್ನುವುದು ಅವನ ಲೆಕ್ಕ. ಹೊಟ್ಟು ಹೆಚ್ಚಾಗಿತ್ತು. ಬೆಳಿಗ್ಗೆ ತುಂಬಿದ ನೀರು ಊಟದ ಹೊತ್ತಿಗೆ ಖಾಲಿ. ಎರಡನೆಯ ಸಲ ಬರೀ ಮರಳು ಹಾಕಿದ. ಒಂದು ದಿನಕ್ಕೆ ಅರ್ಧ ಬೆರಳು ಇಳಿಯಿತು, ಸಾಲದು. ಈ ಹೊತ್ತಿಗೆ ತಾತನಿಗೆ ಹಟ ಹತ್ತಿತ್ತು. ನಾನು ಹೋಗುವ ಮೊದಲೇ ನನ್ನ ಅಳತೆಕೋಲಿನಂಥದ್ದೇ ಇನ್ನೊಂದು ಮಾಡಿಕೊಂಡು ತಾನೇ ಅಳೆದಿರುತ್ತಿದ್ದ. "ಚೆನ್ನಾಗ್ ಸೋರ್ತಿಲ್ಲ ಕಣವ್ವಾ" ಎಂದು ತಲೆಯಾಡಿಸಿ, ಕೂಡಲೇ ಬಾಗಿಲ ಕಡೆ ನೋಡಿ ಯಾರಾದರೂ ಕೇಳಿಸಿಕೊಂಡರೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಮೂರನೆಯ ಸಲ ಮರಳೂ ಹೊಟ್ಟೂ ಸೇರಿಸಿ, ಕೆಮ್ಮಣ್ಣು ಬಳಿಯದೆ, ಕಡಿಮೆ ಉರಿಯಲ್ಲಿ ಸುಟ್ಟ. ದಿನಕ್ಕೆ ಮೂರು ಬೆರಳು ಇಳಿಯಿತು. ಮಡಿಕೆಯ ಸುತ್ತ ಮಣ್ಣು ಕಪ್ಪಗೆ ತೇವಗೊಂಡಿತು. ಹತ್ತು ದಿನಕ್ಕೆ ಸಸಿಗಳ ಗರಿ ನೆಟ್ಟಗಾದವು. ಆಳುಗಳು ಕುಡಿಯುವುದನ್ನೂ ಬಿಟ್ಟರು. ಹೊಸ ಮಡಿಕೆಯ ನೀರು ಹೊಗೆ ವಾಸನೆ ಹೊಡೆಯುತ್ತಿತ್ತು.

ಗೆದ್ದೆವು ಎಂದುಕೊಂಡೆ. ಮಾರ್ಚ್ ಕೊನೆಯ ಹೊತ್ತಿಗೆ ಮೂರು ಬೆರಳು ಎರಡಾಯಿತು, ಎರಡು ಒಂದಾಯಿತು. ಒಂದು ದಿನ ಮಡಿಕೆಯೊಳಗೆ ಕೈ ಹಾಕಿದರೆ ಒಳಮೈಯೆಲ್ಲ ಬಿಳಿ ಪೊರೆ, ಸುಣ್ಣ ಬಳಿದ ಗೋಡೆಯಂತೆ. ಛೇರ್ಮನ್ನರು ಹತ್ತಿರ ಬಂದು ನೋಡಿ, "ಸುಣ್ಣ ಬಳ್ಸಿದೀರಾ ಮೇಡಮ್ಮೋರೆ? ಹಬ್ಬ ಐತಾ?" ಎಂದರು.

ತಾತ ಬಂದು ನೀರನ್ನು ನಾಲಗೆಗೆ ಮುಟ್ಟಿಸಿ ಉಗುಳಿದ. "ಸವುಳು. ಇದು ಮಡಿಕೆ ತಪ್ಪಲ್ಲ, ಬಾವಿ ತಪ್ಪು."

ಮಡಿಕೆಗೆ ತುಂಬುತ್ತಿದ್ದುದು ಛೇರ್ಮನ್ನರ ಬಾವಿಯ ನೀರು. ಜನವರಿಯಲ್ಲಿ ಅದನ್ನೇ ನಾನೂ ಕುಡಿದಿದ್ದೆ, ಸವುಳು ಇರಲಿಲ್ಲ. ಮತ್ತೊಂದು ಬಾಟಲಿ ತುಂಬಿದೆ. ಈ ಸಲ ಗುಮಾಸ್ತರ ಕೈಗೆ ಕೊಡದೆ ನಾನೇ ಬಸ್ಸಿನಲ್ಲಿ ತುಮಕೂರಿಗೆ ಹೋಗಿ, ಪ್ರಯೋಗಾಲಯದ ಬೆಂಚಿನ ಮೇಲೆ ಎರಡು ದಿನ ಕೂತೆ. ನನ್ನನ್ನು ಎಬ್ಬಿಸಿ ಕಳಿಸುವ ಸಲುವಾಗಿಯೇ ಅವರು ಜನವರಿಯ ಫಲಿತಾಂಶದ ಚೀಟಿಯನ್ನೂ ಹುಡುಕಿ, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿಕೊಟ್ಟರು.

ಅಷ್ಟರಲ್ಲಿ ಅಜ್ಜಿ ಪೊರೆಗೆ ಔಷಧ ಕಂಡುಹಿಡಿದಿದ್ದಳು. ತಾಮ್ರದ ಹಂಡೆಯ ಕಿಲುಬಿಗೆ ಹಾಕುವ ಹುಣಸೆಹಣ್ಣನ್ನೇ ಕಿವುಚಿ ಒಂದು ರಾತ್ರಿ ಮಡಿಕೆಯಲ್ಲಿ ನೆನೆಹಾಕಿ, ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿದಳು. ಪೊರೆ ಕರಗಿ ಬಂತು. ಇಪ್ಪತ್ತು ಮಡಿಕೆಗಳನ್ನೂ ಕಿತ್ತು, ತಿಕ್ಕಿ, ಮತ್ತೆ ಹೂಳಲು ಮಹಿಳಾ ಮಂಡಳಿಯವರೆಲ್ಲ ಬಂದರು. ಆ ವರ್ಷ ನಾನು ನಡೆಸಿದ ಸಭೆಗಳಲ್ಲಿ ಹಾಜರಿ ಚೆನ್ನಾಗಿದ್ದದ್ದು ಅದೊಂದರಲ್ಲೇ.

ಲಕೋಟೆ ಹಿಡಿದು ಛೇರ್ಮನ್ನರ ಜಗಲಿಗೆ ಹೋದೆ. ಕನ್ನಡಕ ಹಾಕಿಕೊಂಡು ಅವರು ಎರಡು ಚೀಟಿಗಳನ್ನೂ ಅಕ್ಕಪಕ್ಕ ಹಿಡಿದು, ಜಾತಕ ನೋಡುವವರಂತೆ ನೋಡಿದರು.

"ಇದೇನಿದು, ಈ ಕಡೆ ಚೀಟೀಲಿ ಅಂಕಿ ಇಷ್ಟ್ ಮೇಲ್ ಹೋಗೈತೆ?"

"ಉಪ್ಪು, ಸುಣ್ಣದ ಅಂಶ. ಜನವರಿಯಲ್ಲಿ ನೀರು ಚೆನ್ನಾಗಿತ್ತು. ಇಂಜಿನ್ ಎಳೆದ ಹಾಗೆ ನೀರು ಕೆಳಕ್ಕೆ ಹೋಗಿದೆ. ಕೆಳಗಿನ ನೀರು ಸವುಳು. ಹೀಗೇ ಹಾಯಿಸ್ತಾ ಹೋದ್ರೆ ಮಣ್ಣೂ ಕೆಡುತ್ತೆ ಅಂತ ಕೆಳಗೆ ಬರೆದಿದ್ದಾರೆ."

"ಅಂದ್ರೆ ನನ್ ಬಾವಿಗೆ ಕಾಯಿಲೆ."

"ಹೌದು ಅನ್ನಿ."

"ಪಥ್ಯ ಏನು?"

"ಮಳೆ ಬರೋವರೆಗೂ ಇಂಜಿನ್ ನಿಲ್ಲಿಸೋದು."

ಅವರು ಚೀಟಿಯ ಕೆಳಗಿನ ಸಾಲನ್ನು ಇನ್ನೊಮ್ಮೆ ಓದಿದರು. ಊರವರ ಬಾವಿ ಬತ್ತಿದ್ದನ್ನು ಅವರು ಎರಡು ವರ್ಷದಿಂದ ನೋಡುತ್ತಲೇ ಇದ್ದರು. ತಮ್ಮ ಬಾವಿಯೂ ಕೆಡುತ್ತಿದೆ ಎನ್ನುವುದು ಅವರಿಗೆ ಹೊಸ ಸುದ್ದಿ. ಚೀಟಿಗಳನ್ನು ನನಗೆ ವಾಪಸು ಕೊಡದೆ, ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಏಪ್ರಿಲ್ ಮೊದಲ ವಾರ ಜಿಲ್ಲೆಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಜೀಪಿನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, "ಎಲ್ರೀ ಸ್ಕೀಮು?" ಎಂದರು. ಮಡಿಕೆಗಳೆಲ್ಲ ಮಣ್ಣೊಳಗಿದ್ದವು, ಮುಚ್ಚಳದ ಮೇಲೂ ದೂಳು ಕೂತಿತ್ತು. ಕಾಣುವಂಥದ್ದು ಏನೂ ಇರಲಿಲ್ಲ.

"ಕೆಳಗಿದೆ ಸಾರ್" ಎಂದೆ.

"ಎಲ್ಲಿ ಕೆಳಗೆ? ನನಗೆ ಬರೀ ನೆಲ ಕಾಣ್ತಿದೆ" ಎಂದು ಒಂದು ಹೆಜ್ಜೆ ಮುಂದಿಟ್ಟರು. ಮುಚ್ಚಳ ಲಟಕ್ಕೆಂದಿತು. ಬಲಗಾಲು ಮೊಣಕಾಲಿನವರೆಗೆ ಮಡಿಕೆಯೊಳಗೆ ಇಳಿಯಿತು. ಚೂಪು ತಳದಲ್ಲಿ ಬೂಟು ಸಿಕ್ಕಿಕೊಂಡಿತು. ನಮ್ಮ ಸಾಹೇಬರು ಒಂದು ತೋಳು, ಛೇರ್ಮನ್ನರು ಒಂದು ತೋಳು ಹಿಡಿದು ಎಳೆದರು. ಕುಂಬಾರ ತಾತ ಓಡಿಬಂದು ಕೆಳಗೆ ಕೂತು, "ಮೆತ್ತಗೆ, ಮೆತ್ತಗೆ ಎಳೀರಿ!" ಎಂದು ಕೂಗುತ್ತಿದ್ದ. ಸಾಹೇಬರ ಕಾಲಿಗೆ ಹೇಳುತ್ತಿದ್ದಾನೆ ಎಂದು ನಾವೆಲ್ಲ ತಿಳಿದೆವು. ಕಾಲು ಹೊರಬಂತು, ನೀರು ತೊಟ್ಟಿಕ್ಕುತ್ತಿತ್ತು. ತಾತ ಮಡಿಕೆಯೊಳಗೆ ಕೈಯಾಡಿಸಿ, "ಸದ್ಯ, ಏನೂ ಆಗಿಲ್ಲ" ಎಂದು ಉಸಿರು ಬಿಟ್ಟ.

ದೊಡ್ಡ ಸಾಹೇಬರು ಒದ್ದೆ ಬೂಟು ಕಳಚಿ, ಬುಡದ ತೇವ ನೋಡಿದರು, ಗರಿ ನೋಡಿದರು, ನನ್ನ ಅಳತೆಯ ಪುಸ್ತಕ ನೋಡಿದರು. ಇಂಜಿನ್ ನೀರಿನ ಹತ್ತು ಸಸಿಗಳೂ ಚೆನ್ನಾಗಿಯೇ ಇದ್ದವು, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಅವು ಒಂದು ದಿನಕ್ಕೆ ಕುಡಿದ ನೀರಲ್ಲಿ ಮಡಿಕೆಯ ಸಸಿಗಳು ವಾರಗಟ್ಟಲೆ ಬದುಕಿದ್ದವು. ತಪಾಸಣಾ ಪುಸ್ತಕದಲ್ಲಿ ಅವರು 'ಮಡಿಕೆಗಳಲ್ಲಿ ನೀರಿರುವುದನ್ನು ಖುದ್ದಾಗಿ ಪರಿಶೀಲಿಸಿದೆ' ಎಂದು ಬರೆದು ಹೊರಟರು.

ಮುಂದಿನ ಸೋಮವಾರ ಪಂಚಾಯ್ತಿ ಕೂಡಿತು. ಮಳೆ ಬೀಳುವವರೆಗೂ ಏರಿ ಕೆಳಗಿನ ಇಂಜಿನ್‌ಗಳು ಬಂದ್, ಸಸಿಗಳಿಗೆ ಮಡಿಕೆ ನೀರು ಎಂದು ಠರಾವಾಯಿತು. ಛೇರ್ಮನ್ನರು ಜೇಬಿನ ಎರಡು ಚೀಟಿ ತೆಗೆದು ಎಲ್ಲರಿಗೂ ಓದಿ ಹೇಳಿ, ಮಾತು ಕೊಟ್ಟಂತೆ ಮೊದಲ ರುಜು ಹಾಕಿದರು. ತಾತನಿಗೆ ಒಂದೇ ವಾರದಲ್ಲಿ ಮೂರು ಗೂಡಿಗಾಗುವಷ್ಟು ಮಡಿಕೆಯ ಕೆಲಸ ಬಂತು.

ಠರಾವಾದ ಮೂರನೆಯ ದಿನ ಛೇರ್ಮನ್ನರು ತುರುವೇಕೆರೆಯ ನಮ್ಮ ಆಫೀಸಿಗೇ ಬಂದರು. ಚೀಲದಿಂದ ಇಂಜಿನ್ ಶುರುಮಾಡುವ ಕಬ್ಬಿಣದ ಹ್ಯಾಂಡಲ್ ತೆಗೆದು ನನ್ನ ಮೇಜಿನ ಮೇಲೆ ಧಡ್ ಎಂದು ಇಟ್ಟರು.

"ಇದು ನಿಮ್ತಾವ ಇರ್ಲಿ ಮೇಡಮ್ಮೋರೆ."

"ಯಾಕೆ ಛೇರ್ಮನ್ರೇ, ಯಾರಾದ್ರೂ ಇಂಜಿನ್ ಹಾಕಿದ್ರಾ?"

"ಯಾರೂ ಇಲ್ಲ. ಇವತ್ ಬೆಳಗ್ಗೆ ಎದ್ದು ಮಕ ತೊಳ್ದು, ನಾನೇ ಹೋಗಿ ಹಾಕ್ಬುಟ್ಟಿದ್ದೆ. ಇಪ್ಪತ್ತು ವರ್ಸದ ಅಬ್ಯಾಸ. ಎರಡು ಮಡಿ ನೀರು ಹೋದ್ ಮ್ಯಾಲೆ ಗ್ಯಾನ ಬಂತು, ರುಜು ಹಾಕ್ದೋನು ನಾನೇ ಅಂತ."

ಯಾವ ರಿಜಿಸ್ಟರಿನಲ್ಲಿ ಬರೆಯಬೇಕೆಂದು ಸ್ಟೋರ್‌ಕೀಪರಿಗೆ ತಿಳಿಯದೆ, ಹ್ಯಾಂಡಲ್ ನನ್ನ ಬಾಡಿಗೆ ಮನೆಯ ಅಕ್ಕಿ ಡಬ್ಬದ ಹಿಂದೆ ಎರಡು ತಿಂಗಳು ಇತ್ತು.

ಜೂನ್ ಮೊದಲಲ್ಲಿ ಒಳ್ಳೆಯ ಮಳೆಯಾಯಿತು. ಒಂದು ವಾರ ಕಾದೆ. ಛೇರ್ಮನ್ನರು ಬರಲಿಲ್ಲ. ನಾನೇ ಹ್ಯಾಂಡಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ಅವರು ತೋಟದಲ್ಲಿ ಬಾವಿಗೆ ಬಗ್ಗಿ ನೋಡುತ್ತಿದ್ದರು. ಹ್ಯಾಂಡಲ್ ತೆಗೆದುಕೊಂಡು ಕೈಯಲ್ಲಿ ಒಮ್ಮೆ ತೂಗಿ, ನನಗೇ ವಾಪಸು ಕೊಟ್ಟರು.

"ಇನ್ನೊಂದ್ ಹದ ಮಳೆ ಆಗ್ಲಿ. ನೀರು ಇನ್ನೂ ಮ್ಯಾಕ್ ಬಂದಿಲ್ಲ. ಈಗ್ಲೇ ಕೊಟ್ರೆ ನನ್ ಕೈ ಸುಮ್ಕಿರಕಿಲ್ಲ."

ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಏರಿಯ ಮೇಲೆ ಬಸ್ ಸ್ಟಾಪಿನ ಕಡೆ ಹೊರಟೆ. ಕೆಳಗೆ ಕುಡಿಯುವ ಬಾವಿಯ ಹತ್ತಿರ ಮೂರ್ನಾಲ್ಕು ಹೆಂಗಸರು ಮಾತ್ರ ಇದ್ದರು. ಬಂದವರು ಬಂದಹಾಗೆ ಸೇದಿಕೊಂಡು ಹೋಗುತ್ತಿದ್ದರು. ಅಜ್ಜಿ ತಲೆಯೆತ್ತಿ ನನ್ನ ಕಂಕುಳಲ್ಲಿದ್ದ ಗಂಟನ್ನು ಗುರುತಿಸಿದಳು.

"ಈಸ್ಕಳಿಲ್ವಾ ಅವ್ರು?"

"ಇಲ್ಲ ಅಜ್ಜಿ, ಇನ್ನೂ ಸ್ವಲ್ಪ ದಿನ ನನ್ನ ಹತ್ರಾನೇ ಇರಲಿ ಅಂದ್ರು."

ಅಜ್ಜಿ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ, ಸುತ್ತಲವರನ್ನು ಒಮ್ಮೆ ನೋಡಿ ಕೂಗಿ ಹೇಳಿದಳು. "ಹೋಗ್ತಾ ಬಸ್ಸಿನಾಗೆ ಮರ್ತು ಬುಟ್ಟೋಗಿ ಮೇಡಮ್ಮೋರೆ. ನಾವ್ಯಾರ್ಗೂ ಹೇಳಕಿಲ್ಲ!"